ಲಿಫ್ಟರ್ ಎಲ್ಲರಿಗೂ ಬೇಕು, ಆದರೆ ಫ್ಲೆಕ್ಸ್‌ನಲ್ಲಿ ಸ್ಮಾಷರ್ ಮಾತ್ರ

ಲಿಫ್ಟರ್ ನಂ. 2

ಎಲ್ಲರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೈಬೇಡಿ.

ನಮ್ಮ ಸಭೆಯ (ಅಂದರೆ ಚರ್ಚಿನ) ಯುವಜನರ ವಾಲಿಬಾಲ್ ತಂಡದಲ್ಲಿ ನಾನು 11 ವರ್ಷದಿಂದ ಲಿಫ್ಟರ್. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎದುರಿನವರು ಕಳಿಸಿದ ಬಾಲನ್ನು ಒಬ್ಬ ಎತ್ತುತ್ತಾನೆ. ಲಿಫ್ಟರ್ ಅದನ್ನು ನೆಟ್ ಹತ್ತಿರ ಹದವಾಗಿ ಏರಿಸಿ ಕೊಡುತ್ತಾನೆ. ಮೂರನೆಯವನು ಹಾರಿ ಸ್ಮಾಷ್ ಹೊಡೆಯುತ್ತಾನೆ. ಚಪ್ಪಾಳೆ ಮೂರನೆಯವನಿಗೆ. ಇದು ನನಗೆ ಅಭ್ಯಾಸವಾಗಿಹೋಗಿದೆ, ಬೇಜಾರಿಲ್ಲ.

ಈ ವರ್ಷ ಒಬ್ಬ ಹೊಸ ಹುಡುಗ ಬಂದ. ವಯಸ್ಸು 19. ಹಾರಿದರೆ ಮೊಣಕೈ ನೆಟ್ ಮೇಲೆ ಬರುತ್ತದೆ, ಅಂಥ ಆಟ. ಆದರೆ ಪಾಯಿಂಟ್ ಬಂದ ಕೂಡಲೇ ಅವನು ನಮ್ಮ ಕಡೆ ತಿರುಗುವುದಿಲ್ಲ. ಮೊಬೈಲ್ ಹಿಡಿದು ನಿಂತ ಗೆಳೆಯನ ಕಡೆ ತಿರುಗುತ್ತಾನೆ. ಕಳೆದ ತಿಂಗಳು ಸಭೆಗಳ ನಡುವಿನ ಟೂರ್ನಿಯ ಸೆಮಿಫೈನಲ್ ಇತ್ತು. ಮೂರನೇ ಸೆಟ್, 13–13. ನನಗೆ ಬರಬೇಕಾದ ಬಾಲಿಗೆ ಇವನು ಮಧ್ಯೆ ನುಗ್ಗಿ ತಾನೇ ಹೊಡೆದ. ಸೀದಾ ನೆಟ್‌ಗೆ. ಮುಂದಿನ ಬಾಲೂ ಹಾಗೇ. ಸೋತೆವು. ರಾತ್ರಿ ಮನೆಗೆ ಬಂದು ನೋಡಿದರೆ ಅವನ ರೀಲ್ ಬಂದಿದೆ. ಏಳು ಒಳ್ಳೆಯ ಸ್ಮಾಷ್, ಹಿಂದೆ ಒಂದು ಹಾಡು. ಸೋತ ಸುದ್ದಿಯೇ ಇಲ್ಲ.

ಅದೇ ವಾರ ಸಭೆಯ ವಾರ್ಷಿಕ ಕನ್ವೆನ್ಷನ್ ಫ್ಲೆಕ್ಸ್ ಕಟ್ಟಿದರು. ಸಭಾಪಾಲಕರ, ಅಂದರೆ ಪಾಸ್ಟರ್ ಫೋಟೊ ಇದೆ. ಹೊರಗಿನಿಂದ ಬರುವ ಪ್ರಸಂಗಿಯ ಫೋಟೊ ಇದೆ. ಖಜಾಂಚಿಯದೂ ಇದೆ, ಯಾಕಂದರೆ ಫ್ಲೆಕ್ಸ್ ದುಡ್ಡು ಅವರದು. ಮೂರು ತಿಂಗಳಿಂದ ಹಾಡು ಕಲಿಯುತ್ತಿರುವ ಗಾಯನ ಮಂಡಳಿ ಇಲ್ಲ. ಶಾಮಿಯಾನ ಹಾಕುವವರು, ಅಡುಗೆ ಮಾಡುವ ಅಕ್ಕಂದಿರು ಯಾರೂ ಇಲ್ಲ. ಶಿಲುಬೆಯೇನೋ ಇದೆ, ಸಭಾಪಾಲಕರ ಭುಜದ ಹಿಂದೆ ಅರ್ಧ ಮುಚ್ಚಿಹೋಗಿದೆ.

ಕಮಿಟಿಯಲ್ಲಿ ಕೇಳಿದೆ. "ಸೇವೆಯಲ್ಲಿ ಹೆಸರು ಹುಡುಕಬಾರದು ತಮ್ಮಾ" ಅಂದರು. ಹಾಗಂದವರ ಫೋಟೊ ಆರಡಿ ಇತ್ತು.

ನನಗೆ ಎರಡೂ ಒಂದೇ ಕಾಯಿಲೆ ಅನ್ನಿಸಿತು. ನಿಮಗೇನು ಅನ್ನಿಸುತ್ತದೆ?

ಪೆವಿಲಿಯನ್ ಮೂಲೆ

ನಾನು ಚರ್ಚಿಗೆ ಹೋಗುವವನಲ್ಲ. ಕ್ರಿಕೆಟ್ ಬಗ್ಗೆ ಮಾತ್ರ ಹೇಳಬಲ್ಲೆ.

1999ರ ಫೆಬ್ರುವರಿ, ದೆಹಲಿಯ ಫಿರೋಜ್ ಷಾ ಕೋಟ್ಲಾ. ಪಾಕಿಸ್ತಾನಕ್ಕೆ 420 ರನ್ ಗುರಿ. ಒಂದೂ ವಿಕೆಟ್ ಹೋಗದೆ 101 ಆಗಿತ್ತು. ಆಮೇಲೆ ನಮ್ಮ ಅನಿಲ್ ಕುಂಬ್ಳೆ ಒಬ್ಬರೇ ಒಂಬತ್ತು ಜನರನ್ನು ಕಳಿಸಿದರು. ಉಳಿದಿದ್ದು ಒಂದು. ಇನ್ನೊಂದು ತುದಿಯಲ್ಲಿ ಜಾವಗಲ್ ಶ್ರೀನಾಥ್ ಬೌಲಿಂಗ್. ಅವರು ಬೇಕಂತಲೇ ಆಫ್ ಸ್ಟಂಪಿನಿಂದ ದೂರ ದೂರ ಹಾಕಿದರು, ಅಪ್ಪಿತಪ್ಪಿಯೂ ವಿಕೆಟ್ ಬೀಳಬಾರದು ಅಂತ. ಕುಂಬ್ಳೆ ವಾಸಿಂ ಅಕ್ರಮ್ ವಿಕೆಟ್ ತೆಗೆದು 74ಕ್ಕೆ 10 ಮಾಡಿದರು. ಭಾರತ 212 ರನ್ನಿನಿಂದ ಗೆದ್ದಿತು.

ಈಗ ಹೇಳಿ. ಇಲ್ಲಿ ಟೀಮ್ ಕೆಲಸ ಮಾಡಿದ್ದು ಒಬ್ಬನ ದಾಖಲೆಗಾಗಿ. ಶ್ರೀನಾಥ್ ಕೂಡ ಬೌಲರ್, ಅವರಿಗೂ ಲೆಕ್ಕದಲ್ಲಿ ಒಂದು ವಿಕೆಟ್ ಬರುತ್ತಿತ್ತು. ಬೇಡ ಅಂದರು. ಇದನ್ನು ಯಾರೂ ಸ್ವಾರ್ಥ ಅನ್ನುವುದಿಲ್ಲ. ಯಾಕೆ? ಕುಂಬ್ಳೆ ಕೇಳಿ ತೆಗೆದುಕೊಂಡದ್ದಲ್ಲ, ಉಳಿದವರು ಕೊಟ್ಟದ್ದು. ನಿಮ್ಮ ಹುಡುಗ ನಿಮ್ಮ ಕೈಯಿಂದ ಕಿತ್ತುಕೊಂಡ. ಅಷ್ಟೇ ವ್ಯತ್ಯಾಸ.

ಕುಡ್ಲ ಟೀಚರ್

ಈ ಹೊತ್ತಿಗೆ ಜೆಮಿಮಾ ರೊಡ್ರಿಗಸ್ ಹೆಸರು ಬರಲೇಬೇಕಲ್ವಾ? ಮುಂಬೈ ಹುಡುಗಿಯಾದರೂ ಮನೆತನದ ಬೇರು ನಮ್ಮ ಮಂಗಳೂರು ಕಡೆಯದು. ಹಾಗಾಗಿ ನಮಗೆ ಸ್ವಲ್ಪ ಹೆಚ್ಚೇ ಅಭಿಮಾನ, ಕ್ಷಮಿಸಿ.

2025ರ ಅಕ್ಟೋಬರ್ 30, ನವಿ ಮುಂಬೈಯಲ್ಲಿ ಮಹಿಳಾ ಕ್ರಿಕೆಟ್ ವಿಶ್ವಕಪ್ ಸೆಮಿಫೈನಲ್. ಆಸ್ಟ್ರೇಲಿಯಾ 338 ಹೊಡೆದಿತ್ತು. ಜೆಮಿಮಾ 127 ಹೊಡೆದು ಔಟಾಗದೆ ಗೆಲ್ಲಿಸಿಕೊಟ್ಟರು. ಅದೇ ಟೂರ್ನಿಯಲ್ಲಿ ಅದಕ್ಕೆ ಮುಂಚೆ ಒಂದು ಪಂದ್ಯಕ್ಕೆ ಅವರನ್ನು ಹೊರಗೆ ಕೂರಿಸಿದ್ದರು. ಮರಳಿ ಬಂದು ಸೆಮಿಫೈನಲ್‌ನಲ್ಲಿ ನೂರು ಹೊಡೆದರೆ ಯಾರಾದರೂ ಬ್ಯಾಟ್ ಎತ್ತಿ ಕುಣಿಯುತ್ತಾರೆ. ಇವರು ಸುಮ್ಮನಿದ್ದರು. ನನ್ನ ಐವತ್ತು ನೂರು ಮುಖ್ಯವಲ್ಲ, ಭಾರತ ಗೆಲ್ಲಬೇಕಿತ್ತು ಅಂತ ಆಮೇಲೆ ಹೇಳಿದರು.

ಆದರೆ ನನಗೆ ಹಿಡಿಸಿದ್ದು ಅದಲ್ಲ. ಮೈಕ್ ಕೈಗೆ ಬಂದಾಗ ಮೊದಲು ಯೇಸುವಿಗೆ ಕೃತಜ್ಞತೆ ಹೇಳಿದರು. ಆಮೇಲೆ ತಾನು ದಿನವೂ ಅಳುತ್ತಿದ್ದೆ, ಮನಸ್ಸಿನ ಆತಂಕ ಜಾಸ್ತಿ ಆಗಿತ್ತು ಅಂತ ಒಪ್ಪಿಕೊಂಡರು. ಜೊತೆಗೆ ನಿಂತವರು ಅಂತ ಅರುಂಧತಿ ರೆಡ್ಡಿ, ಸ್ಮೃತಿ ಮಂದಾನ ಹೆಸರು ತೆಗೆದರು. ಅರುಂಧತಿ ಆ ದಿನ ಆಡುವ ಹನ್ನೊಂದರಲ್ಲೇ ಇರಲಿಲ್ಲ ನೋಡಿ. ಮೈದಾನಕ್ಕೇ ಇಳಿಯದವಳ ಹೆಸರು ಅಷ್ಟು ದೊಡ್ಡ ದಿನ ಎಲ್ಲರಿಗೂ ಕೇಳಿಸಿತು.

ಲಿಫ್ಟರ್ ತಮ್ಮಾ, ನಿನ್ನ ಸಭಾಪಾಲಕರ ಕೈಯಲ್ಲಿ ಮೈಕ್ ಇದ್ದಾಗ ಯಾರ ಹೆಸರು ಬರುತ್ತದೆ? ಫ್ಲೆಕ್ಸ್ ಬಿಡು, ಅದನ್ನು ನೋಡು.

ನೇರಾನೇರ

ಎಲ್ಲರೂ ಸೇರಿ ಅತ್ತು ಮುಗಿಸಿದ್ದರೆ ಒಂದು ಮಾತು.

"ದೇವರಿಗೆ ಮಹಿಮೆ" ಅನ್ನುವುದೂ ಒಂದು ಬಗೆಯ ಜಾಹೀರಾತೇ. ಬ್ರೆಜಿಲಿನ ಫುಟ್‌ಬಾಲ್ ಆಟಗಾರ ಕಾಕಾ 2002ರಲ್ಲಿ ವಿಶ್ವಕಪ್ ಗೆದ್ದಾಗ, 2007ರಲ್ಲಿ ಎ.ಸಿ. ಮಿಲಾನ್ ಪರ ಚಾಂಪಿಯನ್ಸ್ ಲೀಗ್ ಗೆದ್ದಾಗ, ನಾನು ಯೇಸುವಿನವನು ಅಂತ ಬರೆದ ಬನಿಯನ್ ತೋರಿಸಿದ. ಇಪ್ಪತ್ತು ಕ್ಯಾಮೆರಾ ಯಾರ ಕಡೆ ತಿರುಗಿದ್ದವು? ಯೇಸು ಕಡೆಯೋ, ಕಾಕಾ ಕಡೆಯೋ? ಸೋತ ತಂಡದಲ್ಲೂ ಪ್ರಾರ್ಥನೆ ಮಾಡಿದವರು ಇರುತ್ತಾರೆ. ಅವರ ಬನಿಯನ್ ಯಾರಿಗೂ ಕಾಣುವುದಿಲ್ಲ.

ಇನ್ನು ಸಭಾಪಾಲಕರು. ಇಂಥವರು ಈಗ ಹುಟ್ಟಿದವರಲ್ಲ. ಬೈಬಲಿನ ಯೋಹಾನನ ಮೂರನೇ ಪತ್ರದಲ್ಲೇ ದಿಯೊತ್ರೇಫ ಅಂತ ಒಬ್ಬ ಬರುತ್ತಾನೆ, ಎಲ್ಲದರಲ್ಲೂ ತಾನೇ ಮೊದಲಿರಬೇಕು ಅನ್ನುವವನು. ಸಂಡೇ ಸ್ಕೂಲಿನಲ್ಲಿ ಇವನ ಪಾಠ ಮಾತ್ರ ಯಾರೂ ಮಾಡಲಿಲ್ಲ ನಮಗೆ.

ಹಳೇ ಸೈಕಲ್

ನಾನು ನಿವೃತ್ತ ಸಭಾಪಾಲಕ. ಬೈಸಿಕೊಳ್ಳುವ ಸರದಿ ನಮ್ಮದು ಅಂತ ಗೊತ್ತಾಗಿ ಬಂದೆ.

ನೇರಾನೇರ ಅವರೇ, ನೀವು ದಿಯೊತ್ರೇಫನನ್ನು ತಂದಿರಿ. ನಾನು ಜೆಬೆದಾಯನ ಮಕ್ಕಳನ್ನು ತರುತ್ತೇನೆ. ಮಾರ್ಕನ ಸುವಾರ್ತೆ 10ನೇ ಅಧ್ಯಾಯದಲ್ಲಿ ಯೇಸುವಿನ ಶಿಷ್ಯರಾದ ಯಾಕೋಬ, ಯೋಹಾನ ಇಬ್ಬರೂ ಬಂದು, ನಿನ್ನ ಬಲಗಡೆ ಎಡಗಡೆ ನಮಗೆ ಜಾಗ ಕೊಡು ಅನ್ನುತ್ತಾರೆ. ಉಳಿದ ಹತ್ತು ಜನಕ್ಕೆ ಸಿಟ್ಟು ಬರುತ್ತದೆ. ಇದರ ಮೇಲೆ ನಾನು ಎಷ್ಟೋ ಸಲ ಪ್ರಸಂಗ ಮಾಡಿದ್ದೇನೆ. ಪ್ರತಿ ಸಲವೂ ಇಬ್ಬರನ್ನೇ ಬೈದೆ. ಆ ಹತ್ತು ಜನಕ್ಕೆ ಸಿಟ್ಟು ಯಾಕೆ ಬಂತು ಅಂತ ಯೋಚಿಸಿದ್ದು ನಿವೃತ್ತಿ ಆದಮೇಲೆ. ಅವರ ಕಣ್ಣೂ ಅದೇ ಕುರ್ಚಿಯ ಮೇಲಿತ್ತು, ಇವರು ಮೊದಲು ಕೇಳಿಬಿಟ್ಟರು, ಅಷ್ಟೇ.

ಲಿಫ್ಟರ್, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಪೋಸ್ಟಿನಲ್ಲಿ "11 ವರ್ಷ" ಅನ್ನುವುದು ಎರಡನೇ ಸಾಲಿಗೇ ಬಂದಿದೆ.

ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡ್ಡೆಲ್ ಕಥೆ ಬಹಳ ಜನರಿಗೆ ಅರ್ಧ ಗೊತ್ತು. 1924ರ ಪ್ಯಾರಿಸ್ ಒಲಿಂಪಿಕ್ಸ್. 100 ಮೀಟರ್ ಹೀಟ್ಸ್ ಭಾನುವಾರ ಬಂತು, ಅದು ದೇವರ ದಿನ ಅಂತ ಅವರು ಓಡಲಿಲ್ಲ. 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದರು. ಪ್ರಸಂಗಗಳಲ್ಲಿ ಇಲ್ಲಿಗೆ ನಿಲ್ಲಿಸಿಬಿಡುತ್ತೇವೆ. ಮುಂದಿನ ವರ್ಷ ಅವರು ಚೀನಾಕ್ಕೆ ಹೋಗಿ ಶಾಲೆಯಲ್ಲಿ ಪಾಠ ಹೇಳಿದರು. ಯುದ್ಧದ ಕಾಲದಲ್ಲಿ ಜಪಾನಿಯರು ವೈಹ್ಸಿಯೆನ್ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ತಂದೆತಾಯಿಯಿಂದ ದೂರವಾದ ಮಕ್ಕಳು ಬಹಳ ಇದ್ದರು. ಇವರು ಅವರಿಗೆ ಆಟ ಆಡಿಸುತ್ತಿದ್ದರು, ಬೆಡ್‌ಶೀಟ್ ಹರಿದು ಮುರಿದ ಹಾಕಿ ಸ್ಟಿಕ್‌ಗೆ ಸುತ್ತುತ್ತಿದ್ದರು. ಭಾನುವಾರ ಮಾತ್ರ ಆಟ ಬೇಡ ಅನ್ನುತ್ತಿದ್ದರು. ಇವರಿಲ್ಲದೆ ಆಡಿದ ಮಕ್ಕಳು ಹೊಡೆದಾಡಿಕೊಂಡವು. ಆಮೇಲಿನ ಭಾನುವಾರ ಇವರೇ ರೆಫರಿಯಾಗಿ ಹೋಗಿ ನಿಂತರು.

ಚಿನ್ನದ ಪದಕಕ್ಕೂ ಬಿಡದ ಭಾನುವಾರವನ್ನು ಮಕ್ಕಳ ಜಗಳಕ್ಕೆ ಬಿಟ್ಟರು. 1945ರ ಫೆಬ್ರುವರಿಯಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡರು. ಅಲ್ಲಿ ಫೋಟೊ ತೆಗೆಯುವವರು ಯಾರೂ ಇರಲಿಲ್ಲ.

ನೇರಾನೇರ

ಪಾಸ್ಟರ್ ಅವರೇ, ಚೆನ್ನಾಗಿ ಹೇಳಿದಿರಿ. ಆದರೆ ಅದೇ ಲಿಡ್ಡೆಲ್ ರಿಲೇ ಓಟಗಳನ್ನೂ ಬಿಟ್ಟರು, ಅವೂ ಭಾನುವಾರವೇ ಇದ್ದವು. ತನ್ನ ನಂಬಿಕೆಗಾಗಿ ತಂಡವನ್ನು ಬಿಟ್ಟಂತೆ ಆಗಲಿಲ್ಲವೇ?

ಹಳೇ ಸೈಕಲ್

ಒಳ್ಳೆಯ ಪ್ರಶ್ನೆ. ವೇಳಾಪಟ್ಟಿ ಗೊತ್ತಾದಾಗಲೇ, ಅಂದರೆ ತಿಂಗಳುಗಳ ಮೊದಲೇ, ಆಗುವುದಿಲ್ಲ ಅಂತ ಹೇಳಿಬಿಟ್ಟಿದ್ದರು. ಓಡುವ ದಿನ ಕೈ ಕೊಡಲಿಲ್ಲ. ಅವರಿಲ್ಲದೆ ಬ್ರಿಟನ್ 4x100ರಲ್ಲಿ ಬೆಳ್ಳಿ, 4x400ರಲ್ಲಿ ಕಂಚು ಗೆದ್ದಿತು. ಅವರಿದ್ದಿದ್ದರೆ ಚಿನ್ನ ಬರುತ್ತಿತ್ತೋ ಏನೋ. ನಷ್ಟ ಆಗಲೇ ಇಲ್ಲ ಅಂತ ನಾನು ಹೇಳುವುದಿಲ್ಲ.

ಕ್ಯಾಮೆರಾ ಹಿಂದಿನವ

ಬೆಂಗಳೂರಿನ ಒಂದು ಸಭೆಯ ಮೀಡಿಯಾ ಟೀಮಿನಲ್ಲಿದ್ದೇನೆ. ಎಲ್ಲರೂ ಬೈಯುವ ರೀಲ್, ಪೋಸ್ಟರ್ ಎಲ್ಲ ಮಾಡುವವನು ನಾನೇ.

ಎರಡು ಮಾತು. ಮೊದಲನೆಯದು, ಪ್ರಚಾರ ಇಲ್ಲದೆ ಸೇವೆ ನಡೆಯುವುದಿಲ್ಲ. ಮಳೆಗೆ ಮನೆ ಕಳೆದುಕೊಂಡವರಿಗೆ ಅಕ್ಕಿ ಕೊಡಲು ಕಾಣಿಕೆ ಕೇಳಿದಾಗ, ಬರಿ ಅಕ್ಷರದ ಮೆಸೇಜ್‌ಗೆ ಯಾರೂ ಓಗೊಡಲಿಲ್ಲ. ವಿಡಿಯೊ ಹಾಕಿದ ಮೇಲೆ ದುಡ್ಡು ಬಂತು. ವಿಡಿಯೊದಲ್ಲಿ ನಮ್ಮ ಪಾಸ್ಟರ್ ಮುಖ ಇತ್ತು, ಜನಕ್ಕೆ ಗೊತ್ತಿರುವ ಮುಖ ಅದೊಂದೇ. (ಅಕ್ಕಿ ಈಸಿಕೊಂಡವರ ಮುಖ ತೋರಿಸಲಿಲ್ಲ. ಅದಕ್ಕಾಗಿ ಕಮಿಟಿಯಲ್ಲಿ ಜಗಳ ಆಡಿದ್ದೇನೆ. ಅದು ಬೇರೆ ಕಥೆ.)

ಎರಡನೆಯದು, ಲಿಫ್ಟರ್ ಅಣ್ಣಾ, ನಿಮ್ಮ ಹುಡುಗನ ಬಗ್ಗೆ. 19 ವರ್ಷ, ಒಳ್ಳೆಯ ಆಟಗಾರ. ಜಿಲ್ಲಾ ತಂಡ, ಕಾಲೇಜು ಸೀಟು, ರೈಲ್ವೆ, ಪೊಲೀಸ್, ಸ್ಪೋರ್ಟ್ಸ್ ಕೋಟಾ. ಇವೆಲ್ಲ ಸಿಗಬೇಕಾದರೆ ಯಾರಾದರೂ ಅವನನ್ನು ನೋಡಬೇಕಲ್ವಾ? ಊರಿನ ಟೂರ್ನಿಗೆ ಯಾವ ಸೆಲೆಕ್ಟರ್ ಬರುತ್ತಾನೆ? ಆ ರೀಲೇ ಅವನ ಅರ್ಜಿ. ನಿಮಗೆ ಕೆಲಸ ಇದೆ ಅಂದುಕೊಳ್ಳುತ್ತೇನೆ. ಅವನಿಗೆ?

ಲಿಫ್ಟರ್ ನಂ. 2

ಇದಕ್ಕೆ ಉತ್ತರ ಬರೆಯಲು ಎರಡು ದಿನ ಬೇಕಾಯಿತು.

ಹೌದು, ನನಗೆ ಕೆಲಸ ಇದೆ. ಅವನಿಗೆ ಇಲ್ಲ. ಅಪ್ಪ ಇಲ್ಲ. ಅಮ್ಮ ಹೊಲಿಗೆ ಮಾಡುತ್ತಾರೆ. ಇದು ನನಗೆ ಗೊತ್ತಿತ್ತು, ಆದರೆ ಅವನ ರೀಲ್‌ಗೂ ಇದಕ್ಕೂ ನಂಟು ಇದೆ ಅಂತ ಹೊಳೆದಿರಲಿಲ್ಲ. ಆದರೂ 13–13ರಲ್ಲಿ ನನ್ನ ಬಾಲಿಗೆ ನುಗ್ಗಿದ್ದು ತಪ್ಪೇ. ಅದನ್ನು ಬಿಟ್ಟುಕೊಡಲ್ಲ.

ಪಾಸ್ಟರ್ ಅವರೇ, 11 ವರ್ಷದ ಮಾತು ಚುಚ್ಚಿತು. ಚುಚ್ಚಲಿ.

ಪೆವಿಲಿಯನ್ ಮೂಲೆ

ತಪ್ಪು ಯಾವಾಗ ಅನ್ನುವ ಪ್ರಶ್ನೆಗೆ ಮುಲ್ತಾನ್ 2004 ನೆನಪಾಗುತ್ತದೆ. ಸಚಿನ್ 194, ಇನ್ನೂರಕ್ಕೆ ಆರೇ ಬಾಕಿ. ಹಂಗಾಮಿ ನಾಯಕ ರಾಹುಲ್ ದ್ರಾವಿಡ್ 5 ವಿಕೆಟ್‌ಗೆ 675ರಲ್ಲಿ ಡಿಕ್ಲೇರ್ ಮಾಡಿದರು. ಸಚಿನ್‌ಗೆ ಬೇಸರವಾಯಿತು, ಅದನ್ನು ಮುಚ್ಚಿಡಲೂ ಇಲ್ಲ. ಪಾಕಿಸ್ತಾನದ ನೆಲದಲ್ಲಿ ಭಾರತ ಮೊದಲ ಟೆಸ್ಟ್ ಗೆದ್ದಿತು, ಇನಿಂಗ್ಸ್ ಮತ್ತು 52 ರನ್. ನಾನು ದ್ರಾವಿಡ್ ಕಡೆಯವನು, ಬೆಂಗಳೂರಿನವನಲ್ವಾ. ಆದರೂ ಒಪ್ಪಿಕೊಳ್ಳುತ್ತೇನೆ: ಪಂದ್ಯ ಮುಗಿಯಲು ಇನ್ನೂ ಸಮಯ ಬೇಕಾದಷ್ಟು ಇತ್ತು, ಒಂದು ಓವರ್ ಕೊಟ್ಟಿದ್ದರೆ ಆಕಾಶ ಬೀಳುತ್ತಿರಲಿಲ್ಲ. ಕೋಟ್ಲಾದಲ್ಲಿ ತಂಡ ಒಬ್ಬನಿಗಾಗಿ ಕಾಯಿತು, ಮುಲ್ತಾನ್‌ನಲ್ಲಿ ಕಾಯಲಿಲ್ಲ. ಎರಡೂ ಗೆದ್ದೆವು. ಹಾಗಾಗಿ ಗೆಲುವನ್ನು ಇಟ್ಟುಕೊಂಡು ಇದನ್ನು ಅಳೆಯಲು ಬರುವುದಿಲ್ಲ.

ಇನ್ನೊಬ್ಬರು ಇದ್ದಾರೆ, ನಿಮ್ಮ ಎರಡೂ ಲೋಕಕ್ಕೆ ಸೇರಿದವರು. ಸಿ.ಟಿ. ಸ್ಟಡ್. 1882ರ ಓವಲ್ ಟೆಸ್ಟ್, ಇಂಗ್ಲೆಂಡ್–ಆಸ್ಟ್ರೇಲಿಯಾ ಸರಣಿಗೆ ಆಷಸ್ ಅನ್ನುವ ಹೆಸರು ಹುಟ್ಟಿದ ಪಂದ್ಯ. ಇಂಗ್ಲೆಂಡಿನ ಒಳ್ಳೆಯ ಬ್ಯಾಟ್ಸ್‌ಮನ್ ಆದರೂ ಇವರನ್ನು ಹತ್ತನೇ ನಂಬರಿಗೆ ಇಳಿಸಿದರು. ಒಂದೂ ಬಾಲ್ ಎದುರಿಸದೆ ಇನ್ನೊಂದು ತುದಿಯಲ್ಲಿ ನಿಂತು, ಏಳು ರನ್ನಿನ ಸೋಲು ನೋಡಿದರು. 1885ರಲ್ಲಿ ಕ್ರಿಕೆಟ್ ಬಿಟ್ಟು ಇನ್ನು ಆರು ಜನರ ಜೊತೆ ಮಿಷನರಿಯಾಗಿ ಚೀನಾಕ್ಕೆ ಹೋದರು. ಅಪ್ಪನ ಆಸ್ತಿಯನ್ನೆಲ್ಲ ಹಂಚಿಬಿಟ್ಟರು. ಆಮೇಲೆ ನಮ್ಮ ಪಕ್ಕದ ಊಟಿಯಲ್ಲೂ ಕೆಲವು ವರ್ಷ ಪಾದ್ರಿಯಾಗಿದ್ದರು. ಕೊನೆಗೆ ಆಫ್ರಿಕಾದ ಕಾಂಗೋ. ಅಲ್ಲಿ ಜೊತೆಗಾರರ ಜೊತೆಗೂ, ಇಂಗ್ಲೆಂಡಿನ ಕಮಿಟಿ ಜೊತೆಗೂ ಜಗಳವೋ ಜಗಳ. ತಾನು ದುಡಿದಷ್ಟೇ ಎಲ್ಲರೂ ದುಡಿಯಬೇಕು ಅನ್ನುವ ಹಟ.

ಎಲ್ಲ ಬಿಟ್ಟುಕೊಟ್ಟ ಮನುಷ್ಯ. ಆದರೂ ಜೊತೆಯಲ್ಲಿ ಕೆಲಸ ಮಾಡುವುದು ಕಷ್ಟ. ತ್ಯಾಗ ಇದ್ದರೆ ಹೊಂದಾಣಿಕೆ ತಾನಾಗೇ ಬರುತ್ತದೆ ಅಂತ ನಾನು ಅಂದುಕೊಂಡಿದ್ದೆ. ಬರುವುದಿಲ್ಲ.

ಪಲಾವ್ ಅಕ್ಕ

ಮಗಳು ಈ ಚರ್ಚೆ ತೋರಿಸಿದಳು. ಅಡುಗೆ ಮಾಡುವ ಅಕ್ಕಂದಿರು ಅಂತ ಬರೆದಿದ್ದೀಯಲ್ಲ ಲಿಫ್ಟರ್ ತಮ್ಮಾ, ನಾನೂ ಅಂಥವಳೇ. ನಿಮ್ಮ ಸಭೆ ಅಲ್ಲ, ಬೇರೆ. ಸ್ತ್ರೀಯರ ಕೂಟದಲ್ಲಿ 26 ವರ್ಷ. ಕ್ರಿಸ್‌ಮಸ್‌ಗೆ 300 ಜನರ ಪಲಾವ್.

ಕಾರ್ಯಕ್ರಮ ಮುಗಿದಾಗ ವಂದನಾರ್ಪಣೆ ಇರುತ್ತದೆ. ಬಿಷಪ್ಪರಿಗೆ ಶಾಲು. ಪ್ರಸಂಗಿಗೆ ಹಾರ. ದಾನಿಗಳ ಹೆಸರು ಒಂದೊಂದಾಗಿ, ಅವರ ಅಪ್ಪನ ಹೆಸರಿನ ಸಮೇತ. ಕೊನೆಗೆ "ಸ್ತ್ರೀಯರ ಕೂಟದವರಿಗೂ" ಅನ್ನುತ್ತಾರೆ. ಆ ಹೊತ್ತಿಗೆ ನಾವು ಹಿಂದೆ ಪಾತ್ರೆ ತೊಳೆಯುತ್ತಿರುತ್ತೇವೆ, ಕೇಳಿಸುವುದೂ ಇಲ್ಲ.

ನನಗೆ ಹೆಸರು ಬೇಕಾ? ಸುಳ್ಳು ಯಾಕೆ ಹೇಳಲಿ, ಒಂದು ಸಲ ಹೇಳಿದ್ದರೆ ಖುಷಿಯಾಗುತ್ತಿತ್ತು. ಆದರೆ ನಿಜವಾಗಿ ಬೇಕಾಗಿರುವುದು ಎರಡನೇ ಒಲೆ. ಒಂದೇ ದೊಡ್ಡ ಒಲೆಯಲ್ಲಿ 300 ಜನಕ್ಕೆ ಅನ್ನ ಆಗುವುದು ಎಷ್ಟು ಕಷ್ಟ ಗೊತ್ತಾ? ನಾಲ್ಕು ವರ್ಷದಿಂದ ಕೇಳುತ್ತಿದ್ದೇನೆ. ಕಮಿಟಿಯಲ್ಲಿ ನಾವಿಲ್ಲ. ಅಲ್ಲಿ ಹೊಸ ಸೌಂಡ್ ಸಿಸ್ಟಮ್ ಪಾಸಾಯಿತು, ಒಲೆ ಆಗಲಿಲ್ಲ. ಕೇಳಿದರೆ "ನಾವೆಲ್ಲ ಒಂದೇ ದೇಹದ ಅಂಗಗಳು ಅಕ್ಕಾ" ಅಂತ ಕೊರಿಂಥದವರ ಪತ್ರ ಹೇಳುತ್ತಾರೆ. ಅದೇ ಅಧ್ಯಾಯದಲ್ಲಿ, ಕಣ್ಣು ಕೈಗೆ ನೀನು ಬೇಡ ಅನ್ನಲು ಆಗುವುದಿಲ್ಲ ಅಂತಲೂ ಇದೆ. ಅದನ್ನು ಓದುವುದಿಲ್ಲ.

ನೀವೆಲ್ಲ ಹೆಸರಿನ ಬಗ್ಗೆ ಜಗಳ ಆಡುತ್ತಿದ್ದೀರಿ. ತೀರ್ಮಾನ ಮಾಡುವಾಗ ಯಾರು ಕೂತಿರುತ್ತಾರೆ ಅಂತ ಯಾರೂ ಕೇಳಲಿಲ್ಲ.

ಕುಡ್ಲ ಟೀಚರ್

ಅಕ್ಕಾ 🙏 ನಮ್ಮಲ್ಲೂ ಇದೇ ಕಥೆ. ಪೆಂಡಾಲ್ ಬೇರೆ, ಪಾತ್ರೆ ಅದೇ.

ಹಳೇ ಸೈಕಲ್

ಅಕ್ಕಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಸೇವೆಯಲ್ಲಿದ್ದಾಗ ನಾನೂ ಹಾಗೇ "ಸ್ತ್ರೀಯರ ಕೂಟದವರಿಗೂ" ಅಂತ ಮುಗಿಸಿದವನೇ.

ನಮ್ಮಲ್ಲಿ ಇದು ಹಳೆಯ ರೋಗ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದವರು. ವರ್ಷ ವರ್ಷ ಯುರೋಪಿಗೆ ವರದಿ ಕಳಿಸುತ್ತಿದ್ದರು. ಅದನ್ನು ಓದಿ ಅಲ್ಲಿಯ ಜನ ಕಾಣಿಕೆ ಕೊಡುತ್ತಿದ್ದರು. ಆ ಕಾಲದ ರೀಲ್ ಅನ್ನಿ, ಕ್ಯಾಮೆರಾ ತಮ್ಮಾ. ಹಳ್ಳಿ ಹಳ್ಳಿ ನಡೆದವರಲ್ಲಿ ನಮ್ಮವರೇ ಆದ ಉಪದೇಶಿಗಳೂ ಇದ್ದರು. ಹೆಬಿಕ್, ಮೋಗ್ಲಿಂಗ್ ಅನ್ನುವ ಮಿಷನರಿಗಳ ಹೆಸರು ನಮಗೆಲ್ಲ ಬಾಯಿಪಾಠ. ಉಪದೇಶಿಗಳಲ್ಲಿ ಒಬ್ಬರ ಹೆಸರು ಹೇಳಿ ಅಂದರೆ ನಾನೇ ತಡವರಿಸುತ್ತೇನೆ. 1894ರ ಕಿಟ್ಟೆಲ್ ನಿಘಂಟು ನೋಡಿ, ಬೆಂಗಳೂರಿನಲ್ಲಿ ಕಿಟ್ಟೆಲರ ಪ್ರತಿಮೆ ಇದೆ, ಇರಲೇಬೇಕು. ಅವರಿಗೆ ಪದ ಹೇಳಿಕೊಟ್ಟ ಪಂಡಿತರು, ಮಂಗಳೂರಿನ ಪ್ರೆಸ್ಸಿನಲ್ಲಿ ಒಂದೊಂದೇ ಅಚ್ಚಿನ ಮೊಳೆ ಜೋಡಿಸಿದವರು, ಅವರೆಲ್ಲ ಯಾರು?

ಪೌಲನ ಪತ್ರಗಳಲ್ಲಿ ರೋಮಾಪುರದವರಿಗೆ ಬರೆದದ್ದು ಬಹಳ ಗಹನ ಅನ್ನುತ್ತಾರೆ. ಅದರ ಕೊನೆಯ ಅಧ್ಯಾಯ ಬರಿ ಹೆಸರುಗಳ ಪಟ್ಟಿ. ಫೊಯಿಬೆ, ಪ್ರಿಸ್ಕ, ಅಕ್ವಿಲ, ಹೀಗೆ 20ಕ್ಕೂ ಹೆಚ್ಚು ಜನ. ಹೆಂಗಸರು ಸಾಕಷ್ಟು. ಪೌಲ ಹೇಳುತ್ತಾ ಹೋದದ್ದನ್ನು ಬರೆದುಕೊಂಡವನು ತೆರ್ತ್ಯ. ಅವನೂ ಮಧ್ಯದಲ್ಲಿ ತನ್ನದೊಂದು ನಮಸ್ಕಾರ ತೂರಿಸಿದ್ದಾನೆ. ನಾನು ಆ ಅಧ್ಯಾಯದ ಮೇಲೆ ಒಂದು ಸಲವೂ ಪ್ರಸಂಗ ಮಾಡಲಿಲ್ಲ. ಹೆಸರು ಓದಲು ಕಷ್ಟ ಅಂತ ಬಿಟ್ಟುಬಿಡುತ್ತಿದ್ದೆ.

ಇನ್ನೊಂದು ಹೇಳಿಬಿಡುತ್ತೇನೆ. ನನ್ನ ಬೀಳ್ಕೊಡುಗೆ ದಿನ ಎಷ್ಟು ಹಾರ ಬಂತು ಅಂತ ಮನೆಗೆ ಬಂದು ಎಣಿಸಿದೆ. 17. ಹಿಂದಿನವರಿಗೆ 22 ಬಂದಿತ್ತು, ಅದೂ ನೆನಪಿದೆ.

ನೇರಾನೇರ

17 ಹಾರದ ಪಾಸ್ಟರ್ ಅವರೇ, ಇಷ್ಟು ದಿನ ನಿಮ್ಮ ಸಭೆಯಲ್ಲಿ ಇದ್ದಿದ್ದರೆ ನಾನು ಚರ್ಚಿಗೆ ಹೋಗುವುದನ್ನು ಬಿಡುತ್ತಿರಲಿಲ್ಲವೇನೋ. ಆದರೂ ಹೆಸರಿನ ಪಟ್ಟಿ ಓದುವುದರಿಂದ ಏನೂ ಬದಲಾಗಲ್ಲ. ಅಕ್ಕ ಹೇಳಿದ್ದೇ ಸರಿ, ಒಲೆ ಮೊದಲು.

ಲಿಫ್ಟರ್ ನಂ. 2

ಮೂರು ವಾರದ ನಂತರ ಬರೆಯುತ್ತಿದ್ದೇನೆ.

ಹುಡುಗನ ಜೊತೆ ಕೂತು ಮಾತಾಡಿದೆ. ಬೈಯಲಿಲ್ಲ. "ಯಾಕೆ ನುಗ್ಗಿದೆ?" ಅಂತ ಕೇಳಿದೆ. "ಅಣ್ಣಾ, ನೀವು ಹಳೇ ಸ್ಮಾಷರ್ ಎತ್ತರಕ್ಕೇ ಲಿಫ್ಟ್ ಕೊಡ್ತೀರಿ. ನನಗೆ ಅದು ಕೆಳಗೆ ಆಗುತ್ತೆ" ಅಂದ. ಎಂಟು ತಿಂಗಳಿಂದ ಕೆಳಗೇ ಕೊಡುತ್ತಿದ್ದೆನಂತೆ. ಯಾಕೆ ಹೇಳಲಿಲ್ಲ ಅಂದರೆ, "ನೀವು ಸೀನಿಯರ್, ಹೇಗೆ ಹೇಳಲಿ?" ಅಂದ. ಈಗ ಒಂದಡಿ ಮೇಲೆ ಕೊಡುತ್ತಿದ್ದೇನೆ. ಅವನ ಸ್ಮಾಷ್ ನೋಡಬೇಕು ನೀವು.

ಕ್ಯಾಮೆರಾ ತಮ್ಮಾ, ಒಂದು ಕೆಲಸ ಇದೆ. ಅವನಿಗೆ ಸರಿಯಾದ ಒಂದು ವಿಡಿಯೊ ಮಾಡಿಕೊಡಲು ಆಗುತ್ತಾ? ಪೂರ್ತಿ ರ‍್ಯಾಲಿ ಇರುವಂಥದ್ದು. ಸೆಲೆಕ್ಟರ್‌ಗೆ ಅವನು ರಿಸೀವ್ ಮಾಡುವುದೂ ಕಾಣಬೇಕು. ನಾನು ಪಕ್ಕದಲ್ಲಿ ಬಂದರೆ ಬರಲಿ.

ಫ್ಲೆಕ್ಸ್ ಹಾಗೇ ಇದೆ. ಅದೇ ಫೋಟೊ.

ಕ್ಯಾಮೆರಾ ಹಿಂದಿನವ

ಮಾಡೋಣ ಅಣ್ಣಾ. ಶನಿವಾರ ಬೆಳಿಗ್ಗೆ ಪ್ರಾಕ್ಟೀಸ್ ಇದ್ದರೆ ಬರುತ್ತೇನೆ, ಬಸ್ ಚಾರ್ಜ್ ನಿಮ್ಮದು. ಮಧ್ಯಾಹ್ನದ ಬಿಸಿಲಿನಲ್ಲಿ ಬೇಡ, ಮುಖ ಕಪ್ಪಾಗಿ ಬರುತ್ತದೆ.

ಪಲಾವ್ ಅಕ್ಕ

ನಮ್ಮದೂ ಒಂದು ಸುದ್ದಿ. ಮಗಳು ಈ ಚರ್ಚೆಯನ್ನು ನಮ್ಮ ಸಭೆಯ ಗ್ರೂಪಿಗೆ ಹಾಕಿಬಿಟ್ಟಳು. ನಾನು ಹೆದರಿದ್ದೆ. ಹೋದ ಭಾನುವಾರ ಪ್ರಕಟಣೆಯಲ್ಲಿ ಸ್ತ್ರೀಯರ ಕೂಟದ ಒಂಬತ್ತು ಜನರ ಹೆಸರು ಓದಿದರು. ನನ್ನ ಹೆಸರು ತಪ್ಪಾಗಿ ಓದಿದರು. ಈಗ ಪಲಾವಿಗೆ ಉಪ್ಪು ಕಮ್ಮಿಯಾದರೆ ಯಾರನ್ನು ಕೇಳಬೇಕು ಅಂತ ಎಲ್ಲರಿಗೂ ಗೊತ್ತಾಯಿತು.

ಕಮಿಟಿಗೆ ಇನ್ನೂ ಕರೆದಿಲ್ಲ. ಒಲೆ ಬಂದಿದೆ. ರೆಗ್ಯುಲೇಟರ್ ಬಂದಿಲ್ಲ.